ಇದಿನಬ್ಬನ ರೇಸು

ಜಯಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಇದಿನಬ್ಬನಿಗೆ ಪ್ರತಿ ಜುಲೈನಲ್ಲಿ ಹುಚ್ಚು ಹಿಡಿಯುತ್ತಿತ್ತು. ಅಂಗಡಿಯ ಟಿವಿಯಲ್ಲಿ ಫ್ರಾನ್ಸಿನ ಸೈಕಲ್ ರೇಸು ಶುರುವಾದರೆ ಮುಗಿಯಿತು, ಗಿರಾಕಿಗೂ ಉತ್ತರವಿಲ್ಲ. ಗಿರಾಕಿಗಳಾದರೂ ಎಲ್ಲಿದ್ದರು? ಊರಿಗೆ ಊರೇ ಬೈಕು ಹತ್ತಿತ್ತು. ಸೈಕಲ್ ತುಳಿಯುವವರು ಇನ್ನು ಟಿವಿಯೊಳಗೆ ಮಾತ್ರ ಉಳಿದಿದ್ದಾರೆ ಎಂದು ಅವನಿಗೆ ಅನಿಸುತ್ತಿತ್ತು.

ಆ ಸಂಜೆ ಅವನ ಕೊನೆಯ ಖಾಯಂ ಗಿರಾಕಿ, ಹಾಲಿನ ಸುರೇಂದ್ರ, ಬಾಗಿಲಲ್ಲೇ ನಿಂತು ರಿಪೇರಿಗೆ ಬಿಟ್ಟಿದ್ದ ತನ್ನ ಸೈಕಲ್ ತೋರಿಸಿದ. "ಅದನ್ನ ಗುಜರಿಗೆ ಹಾಕಿ ಸಾಬ್ರೆ. ನಾನೂ ಬೈಕ್ ತಗಂಡೆ."

ಇದಿನಬ್ಬ ಟಿವಿಯತ್ತ ತಿರುಗಿದ. ಅಲ್ಲಿ ಅವನ ಮೆಚ್ಚಿನ ಸವಾರ ಘಾಟಿ ಹತ್ತಲಾರದೆ ಹಿಂದೆ ಬಿದ್ದಿದ್ದ. ಅಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವಂತೆ, ನೆಲದ ಮೇಲೆ ಮಗುಚಿಟ್ಟಿದ್ದ ಸೈಕಲ್ಲಿನ ಪೆಡಲನ್ನು ಇದಿನಬ್ಬ ಕೈಯಿಂದ ತಿರುಗಿಸತೊಡಗಿದ, ಅಲ್ಲಿಯವನಿಗೆ ಇಲ್ಲಿಂದಲೇ ಬಲ ಕೊಡುವವನ ಹಾಗೆ. "ತುಳಿ ಮಾರಾಯ, ತುಳಿ!" ಸುರೇಂದ್ರನ ಸೈಕಲ್ಲಿನ ಚಕ್ರ ಗಿರ್ರನೆ ಸುತ್ತಿತು.

ಟಿವಿಯಲ್ಲಿ ಸವಾರ ರಸ್ತೆ ಬದಿಗೆ ಸರಿದು ನಿಂತ. ಸೈಕಲನ್ನು ಯಾರದೋ ಕೈಗೆ ಕೊಟ್ಟು, ಹಿಂದೆ ಬಂದ ಕಾರು ಹತ್ತಿದ.

"ನೀನೂ ಇಳಿದ್ಬಿಟ್ಯಲ್ಲ ಮಾರಾಯ!" ಇದಿನಬ್ಬ ಟಿವಿಯತ್ತ ಕೂಗಿದ. ಕೈ ಮಾತ್ರ ಪೆಡಲನ್ನು ಬಿಡಲಿಲ್ಲ.

ಸುರೇಂದ್ರನಿಗೆ ಅಂಗಡಿಯೆದುರು ಬೈಕು ಸ್ಟಾರ್ಟ್ ಮಾಡುವ ಧೈರ್ಯ ಬರಲಿಲ್ಲ. ತಿರುವಿನವರೆಗೂ ತಳ್ಳಿಕೊಂಡೇ ಹೋದ.