ಎರಡು ಬಾಗಿಲ ನಡುವಿನ ಕೋಣೆ

ಮುಂಬೈಯ ಮೇ ತಿಂಗಳಲ್ಲಿ ಸ್ವೆಟರ್ ಹಿಡಿದುಕೊಂಡು ಲೋಕಲ್ ಹತ್ತುವವಳನ್ನು ಜನ ಹೇಗೆ ನೋಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಕೇಳಿಯೇ ಬಿಟ್ಟಳು, ಜ್ವರವೇ ಎಂದು. ಅಲ್ಲ, ಐಸು ನೋಡಲು ಹೊರಟಿದ್ದೇನೆ ಎಂದರೆ ನಂಬುತ್ತಿದ್ದಳೇ? ಹೌದೆಂದು ತಲೆಯಾಡಿಸಿದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಧಾರವಾಡ ಬಿಟ್ಟು ಬಂದ ನಾನು ಬಾಂದ್ರಾದ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ವಿಕ್ರೋಳಿಯ ಆಚೆ ಒಬ್ಬ ಸೇಠ್‌ಗೆ ಐಸಿನ ಮೇಲೆ ಜಾರುವ ಆಟದ ಹಾಲ್ ಕಟ್ಟಿಸುವ ಹುಚ್ಚು. ರಸ್ತೆಯವರಿಗೆ ಕಾಣಲೆಂದು ಇಡೀ ಗೋಡೆ ಗಾಜಿನದೇ ಆಗಬೇಕಂತೆ!

"ಹಾಕ್ರಿ ಗಾಜು. ಆಮ್ಯಾಲೆ ಸೂರ್ಯಗ ಐಸ್ ತಿನಿಸ್ಕೋತ ಕೂಡ್ರಿ" ಎಂದು ನಮ್ಮ ಆಫೀಸಿನ ಸಾಹೇಬರ ಮುಂದೆ ರೇಗಿದೆ.

ಬೆಂಗಳೂರಿನವರಾದ ಸಾಹೇಬರು ನಕ್ಕರು. "ನೀವೇ ಸೇಠ್‌ಗೆ ಹೇಳಿ ಮೇಡಂ. ನನ್ ಕೈಲಾಗಲ್ಲ."

ಹೇಳಿದೆ. ತಿಂಗಳುಗಟ್ಟಲೆ ಜಗಳಾಡಿ ಗಾಜು ತೆಗೆಸಿದೆ. ಥರ್ಮಾಕೋಲ್ ತುಂಬಿದ ದಪ್ಪ ಗೋಡೆ, ತಗ್ಗಿನ ಸೂರು, ಸೂರಿನ ಒಳಮೈಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ. ಐಸಿನ ಯಂತ್ರ ಉಗುಳುವ ಬಿಸಿಯಲ್ಲೇ ನೀರು ಕಾಯಿಸುವ ಏರ್ಪಾಡು. ಆದರೆ ನನ್ನ ಜೀವವಿದ್ದದ್ದು ಒಂದು ಸಣ್ಣ ಕೋಣೆಯಲ್ಲಿ. ರಸ್ತೆಗೊಂದು ಬಾಗಿಲು, ಐಸಿಗೊಂದು ಬಾಗಿಲು, ನಡುವೆ ನಾಲ್ಕು ಜನ ನಿಲ್ಲುವಷ್ಟು ಜಾಗ. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಇಲ್ಲದಿದ್ದರೆ ಮುಂಬೈಯ ಒದ್ದೆ ಗಾಳಿ ಒಳಗೆ ನುಗ್ಗಿ, ಸೂರು ಬೆವರಿ, ಐಸಿನ ಮೇಲೆ ಹನಿ ತೊಟ್ಟಿಕ್ಕುತ್ತದೆ. ಆಮೇಲೆ ಯಂತ್ರ ಬಿಡುವಿಲ್ಲದೆ ಓಡಿ ಕರೆಂಟು ನುಂಗುತ್ತದೆ. ಸೇಠ್‌ಗೆ ಆ ಜಾಗದಲ್ಲಿ ಸಮೋಸಾ ಕೌಂಟರ್ ಬೇಕಿತ್ತು. ನಾನು ಬಿಡಲಿಲ್ಲ.

ಕಟ್ಟಡ ಮುಗಿದು ಐಸು ಕಟ್ಟತೊಡಗಿದ ಮೇಲೆ ಸಂಜೆ ಸಂಜೆ ಹೋಗಿ ಒಬ್ಬಳೇ ಒಳಗೆ ಕೂರುತ್ತಿದ್ದೆ. ಸ್ವೆಟರ್ ಹಾಕಿಕೊಂಡು ಕತ್ತೆತ್ತಿ ಸೂರು ನೋಡುವುದು, ಅಷ್ಟೇ ಕೆಲಸ. ಒಂದು ಹನಿಯೂ ಇರುತ್ತಿರಲಿಲ್ಲ. ಎಷ್ಟು ಖುಷಿಯಾಗುತ್ತಿತ್ತೆಂದರೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ ಅನಿಸುತ್ತಿತ್ತು. ಯಾರಿಗೆ ಹೇಳಲಿ?

ಇದ್ದವರು ಒಬ್ಬರೇ, ಆಂಟಾಪ್ ಹಿಲ್‌ನಲ್ಲಿ ನನಗೊಂದು ರೂಮು ಕೊಟ್ಟಿದ್ದ ಮೈಸೂರಿನ ಕಡೆಯ ವಿಧವೆ. ನಾನು ಅಕ್ಕಾ ಎನ್ನುತ್ತಿದ್ದೆ. ಅವರು ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದರು.

"ಅದ್ಯಾಕೇ ಎರಡು ಬಾಗಿಲು? ಕಳ್ಳರ ಭಯಾನಾ?"

"ಗಾಳೀದು ಭಯಾರೀ, ಅಕ್ಕಾ."

"ಗಾಳಿಗೂ ಬಾಗಿಲು ಹಾಕ್ತಾಳಂತೆ, ಚೆನ್ನಾಗಿದೆ! ಬರ್ತೀನಿ ಕಣೇ ಮುಹೂರ್ತಕ್ಕೆ. ನಿನ್ನ ರೂಮು ನೋಡದೆ ಇರ್ತೀನಾ?"

ನಿಜ ಹೇಳುತ್ತೇನೆ, ಆ ಮಾತಿಗೆ ಕಣ್ಣು ತುಂಬಿತು. ಅಷ್ಟು ದೊಡ್ಡ ಊರಿನಲ್ಲಿ ನನ್ನದೆಂದು ತೋರಿಸಲು ಇದ್ದದ್ದು ಅದೊಂದೇ, ಬಂದು ನೋಡುವವರೂ ಅವರೊಬ್ಬರೇ.

ಹಾಲ್ ತೆರೆಯುವ ಮುಹೂರ್ತದ ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ಬಾಗಿಲುಗಳನ್ನು ಪೂರಾ ತೆರೆದು ಚೆಂಡುಹೂವಿನ ಸರದಿಂದ ಕಟ್ಟಿದ್ದಾರೆ! ಶುಭದಿನ ಲಕ್ಷ್ಮಿ ಬರುವ ಬಾಗಿಲು ಮುಚ್ಚುತ್ತಾರೆಯೇ ಎಂದರು ಸೇಠ್‌ನ ತಾಯಿ. ಮಳೆ ಇನ್ನೇನು ಹಿಡಿಯುವ ಜೂನ್. ಗಾಳಿ ಹಿಂಡಿದರೆ ನೀರು ಬರುವ ಹಾಗಿತ್ತು. ಆರತಿ, ಕರ್ಪೂರ, ನೂಕುನುಗ್ಗಲು. ನಾನು ಒಂದು ಕಣ್ಣಿನಲ್ಲಿ ಅಕ್ಕನಿಗಾಗಿ ಬಾಗಿಲು ನೋಡುತ್ತಿದ್ದೆ, ಇನ್ನೊಂದರಲ್ಲಿ ಸೂರು. ಐಸಿನ ಮೇಲೆ ಮಂಜು ಎದ್ದಿತು. ಮೊದಲ ಹನಿ ನನ್ನ ಮುಂಗೈ ಮೇಲೆಯೇ ಬಿತ್ತು.

ಸಿಟ್ಟು ನೆತ್ತಿಗೇರಿತು. ಹೂವಿನ ಸರ ಹರಿದು, ಒಳಬಾಗಿಲನ್ನು ಎಳೆದು ಚಿಲಕ ಜಡಿದೆ. ಆಚೆ ಕೋಣೆಯಿಂದ ಜನ ಬಡಿದರು. "ಲಕ್ಷ್ಮೀನೂ ಒಂದು ಬಾಗಲಾ ಹಾಕಿ ಇನ್ನೊಂದು ತಗೀಲಿ!" ಎಂದು ಕಿರುಚಿದೆ. ಕನ್ನಡದಲ್ಲಿ ಕಿರುಚಿದ್ದರಿಂದ ಬಚಾವಾದೆ. ಸೂರು ಒಣಗುವವರೆಗೆ ಅರ್ಧ ಗಂಟೆ ಚಿಲಕ ತೆಗೆಯಲಿಲ್ಲ. ಐಸು ಉಳಿಯಿತು. ತೆರೆದ ಮೇಲೆ ಬಂದ ಒಂದೊಂದು ಮುಖವನ್ನೂ ನೋಡಿದೆ. ಅಕ್ಕ ಇರಲಿಲ್ಲ.

ಬರುತ್ತೇನೆಂದವರು ಬರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಕುದಿಸಿಕೊಂಡು ಮನೆಗೆ ಬಂದೆ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತೆ. ಅಕ್ಕ ಸಾರು ಬಡಿಸುತ್ತ ಅಂದರು:

"ಎಲ್ಲಿದ್ಯೇ ನೀನು? ಕುರ್ಲಾದಲ್ಲಿ ಗಾಡಿ ಬದಲಾಯಿಸಿ ಕೇಳ್ಕೊಂಡು ಕೇಳ್ಕೊಂಡು ಬಂದೆ. ನಿನ್ನ ರೂಮು ನೋಡ್ದೆ. ಅರ್ಧ ಗಂಟೆ ನಿಂತಿದ್ದೆ. ಏನೋ ಬಾಗಿಲು ಬಡೀತಿದ್ರು ಜನ. ಚಿಕ್ಕದಾದ್ರೂ ಚೆನ್ನಾಗಿದೆ ಕಣೇ, ಗೋಡೆ ತಣ್ಣಗಿತ್ತು. ಕೂರೋಕೆ ಒಂದು ಸ್ಟೂಲಾದ್ರೂ ಹಾಕ್ಬಾರದಾ? ಕಾಲು ಬಿದ್ದುಹೋಯ್ತು. ಹೊರಟು ಬಂದ್ಬಿಟ್ಟೆ."

ನಾನು ದಿನಾ ಹೇಳುತ್ತಿದ್ದುದು ಆ ಕೋಣೆಯ ಕಥೆಯನ್ನೇ. ಎರಡು ವರ್ಷ ನಾನು ಕಟ್ಟಿದ್ದು ಅಷ್ಟೇ ಎಂದು ಅವರು ನಂಬಿದ್ದರು. ಅದರಾಚೆ ಐಸು ಇದೆ, ಚಿಲಕ ಹಾಕಿದವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಎಷ್ಟು ಕರೆದರೂ ಅವರು ಬರಲಿಲ್ಲ. "ನೋಡಿ ಆಯ್ತಲ್ಲ" ಎನ್ನುತ್ತಿದ್ದರು.

ಮುಂದೆ ಎರಡು ಬಾಗಿಲ ಕೋಣೆಗಳನ್ನು ಬೇರೆ ಬೇರೆ ಕಡೆ ಬರೆದೆ. ಪ್ರತಿ ನಕ್ಷೆಯಲ್ಲೂ ಗೋಡೆಗೆ ತಾಗಿ ಒಂದು ಬೆಂಚು ಬರೆಯುತ್ತಿದ್ದೆ. ಯಾಕೆಂದು ಸಾಹೇಬರು ಕೇಳಿದರೆ, ಯಾರಾದರೂ ಕಾಯಬೇಕಾಗಬಹುದು ಎನ್ನುತ್ತಿದ್ದೆ.