ಪರದೆಯ ಹಿಂಬದಿಯಿಂದ ಕಂಡ ಚಳವಳಿ

ಹೋದ ವಾರ ಕೆಲಸದ ಮೇಲೆ ಬಾಗಲಕೋಟೆಯಿಂದ ಮುಧೋಳಕ್ಕೆ ಹೊರಟಾಗ ಲೋಕಾಪುರದಲ್ಲಿ ಬಸ್ಸು ಕೆಟ್ಟು ನಿಂತಿತು. ನಿಲ್ದಾಣದ ಹಿಂದಿನ ಬಯಲಿನಲ್ಲಿ ಊರೂರು ತಿರುಗುವ ಸಿನಿಮಾದವರು ಡೇರೆ ಹೊಡೆಯುತ್ತಿದ್ದರು. ಇಬ್ಬರು ಆಳುಗಳು ಹೊಸ ಪರದೆಯನ್ನು ಎರಡು ಕಂಬಗಳಿಗೆ ಬಿಗಿದು ನೀರು ಚಿಮುಕಿಸುತ್ತಿದ್ದರು. ಗಂಜಿ ಹಾಕಿದ ಬಟ್ಟೆ ತೊಯ್ದಾಗ ಒಂದು ವಾಸನೆ ಏಳುತ್ತದೆ. ನೇಕಾರರ ಊರುಗಳಾದ ರಬಕವಿ, ಬನಹಟ್ಟಿಯ ಓಣಿಗಳಲ್ಲಿ ಓಡಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ; ಉಳಿದವರು ನನ್ನ ಮಾತು ನಂಬಬೇಕು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಸ್ಸನ್ನೂ ಡ್ರೈವರನನ್ನೂ ಮರೆತು ನಮ್ಮ ಕಾಕುನ ಅಡಿಗೆಮನೆಯಲ್ಲಿದ್ದೆ.

ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಅವಳ ವಿಷಯ ಹೇಳುವ ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಚರ್ಚಾಪಟುಗಳಿಗೆ ಇದೊಂದು ಚಟ, ಕ್ಷಮಿಸಿ. ಕಾಲೇಜಿನಲ್ಲಿ ನಾನು ವಾದಕ್ಕೆ ನಿಂತರೆ ಎದುರಾಳಿ ನೀರು ಕುಡಿಯುತ್ತಿದ್ದ. ‘ಸ್ತ್ರೀಯರಿಗೆ ಮತದ ಹಕ್ಕು’ ಎಂಬ ವಿಷಯದ ಮೇಲೆ ಒಂದು ವರ್ಷ ಪರವಾಗಿ ಮಾತಾಡಿ ಬಹುಮಾನ ಹೊಡೆದೆ, ಮರುವರ್ಷ ವಿರುದ್ಧವಾಗಿ ಮಾತಾಡಿ ಮತ್ತೊಂದು ಹೊಡೆದೆ. ವಿರುದ್ಧದ ಭಾಷಣದಲ್ಲಿ ನನ್ನ ಬ್ರಹ್ಮಾಸ್ತ್ರ ಹೀಗಿತ್ತು: ಪರದೇಶದ ಹೆಂಗಸರು ಬಡಿದಾಡಿ ಪಡೆದರು, ನಮ್ಮವರಿಗೆ ಕೂತಲ್ಲಿಗೇ ಬಂತು, ಕೇಳದೆ ಸಿಕ್ಕ ವಸ್ತುವಿನ ಬೆಲೆ ಯಾರಿಗೆ ಗೊತ್ತು? ಚಪ್ಪಾಳೆ ಬಹಳ ಹೊತ್ತು ಬಿತ್ತು. ಚಪ್ಪಾಳೆ ಹೊಡೆದವರಲ್ಲಿ ಒಬ್ಬಳೂ ಹೆಣ್ಣುಮಗಳಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಅದೇ ವರ್ಷ ರಜೆಯಲ್ಲಿ ದೇಶದ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಯಾದಿ ಬರೆಯುವ ಕೆಲಸ ಸಿಕ್ಕಿತು. ಸಂಸ್ಥಾನದ ಆಳ್ವಿಕೆ ಮುಗಿದು ನಾವು ಮುಂಬಯಿ ಸರಕಾರದ ಕೆಳಗೆ ಬಂದು ಬಹಳ ದಿನ ಆಗಿರಲಿಲ್ಲ. ನಿನ್ನೆಯವರೆಗೆ ರಾಜರಿಗೆ ಬಗ್ಗಿ ಮುಜರೆ ಮಾಡಿದವರು ಇಂದು ತಮ್ಮ ಹೆಸರು ಬರೆಸಬೇಕಿತ್ತು. ನನಗಿನ್ನೂ ಮತ ಹಾಕುವ ವಯಸ್ಸು ಆಗಿರಲಿಲ್ಲ. ಇಪ್ಪತ್ತೊಂದು ತುಂಬದ ನಾನು ರಬಕವಿಯ ಓಣಿಯಲ್ಲಿ ಊರ ಹಿರಿಯರ ಹೆಸರು ಕೇಳುತ್ತ ತಿರುಗುತ್ತಿದ್ದೆ.

ಗಂಡಸರ ಹೆಸರು ಸರಸರ ಬಂದವು. ಹೆಂಗಸರದು ಬರಲಿಲ್ಲ.

“ಹೆಸರೇನ್ರಿ ಯವ್ವಾ?”

“ಗಿರಮಲ್ಲನ ಅವ್ವ ಅಂತ ಬರಕೋರಿ.”

“ನಿಮ್ಮ ಸ್ವಂತ ಹೆಸರು?”

“ಅಯ್ಯ, ಈ ವಯಸ್ನ್ಯಾಗ ನನ್ನ ಹೆಸರ ತಗೊಂಡ ಏನ ಮಾಡಾವ ನೀ?”

ಮಗ್ಗದ ಮುಂದೆ ಕುಳಿತ ಹೆಣ್ಣುಮಕ್ಕಳು ನಕ್ಕುನಕ್ಕು ನೂಲು ಹರಿದುಕೊಂಡರು. ಪರಪುರುಷನಿಗೆ ಹೆಸರು ಹೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ನಾನೂ ತಲೆ ಕೆಡಿಸಿಕೊಳ್ಳದೆ ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದು ಪುಟ ತುಂಬಿಸಿದೆ. ನಮ್ಮ ಮನೆಯ ಸರದಿ ಬಂದಾಗ ಕಾಕು ಮಡಿಯಲ್ಲಿದ್ದಳು. ಅವಳನ್ನೂ ‘ಹೆಂಡತಿ’ ಎಂದೇ ಬರೆದೆ.

ಸ್ವಲ್ಪ ದಿನಕ್ಕೆ ಮೇಲಿನಿಂದ ಹುಕುಮು ಬಂತು: ಸ್ವಂತ ಹೆಸರಿಲ್ಲದ ಹೆಂಗಸರನ್ನು ಯಾದಿಯಿಂದ ತೆಗೆಯಲಾಗುವುದು, ತಿದ್ದಿ ಕೊಡಿ. ನಾನು ಮತ್ತೆ ಮನೆಮನೆ ತಿರುಗಿದೆ. ಕೆಲವರು ಹೇಳಿದರು, ಕೆಲವರು ಬಾಗಿಲು ಹಾಕಿಕೊಂಡರು. ಕಾಕುನ ಹೆಸರು ಮಾತ್ರ ನಾನು ಕಚೇರಿಯಲ್ಲಿ ಕೂತೇ ಬರೆದೆ: ಸುಶೀಲಾಬಾಯಿ. ಅವಳು ನಮ್ಮ ಮನೆ ತುಂಬಿದಾಗ ಅಜ್ಜಿ ಇಟ್ಟ ಹೆಸರು ಅದು. ಸ್ವಂತ ಮನೆಯ ಮಾತು, ಕೇಳುವುದೇನು ಬಂತು?

ಆ ಹೊತ್ತಿಗೇ ಸರಕಾರದ ಪ್ರಚಾರದ ಮೋಟಾರು ಊರಿಗೆ ಬಂತು. ಸಾಲೆಯ ಬಯಲಲ್ಲಿ ಸಂಜೆ ಪುಕ್ಕಟೆ ಸಿನಿಮಾ. ನೇಕಾರರೊಬ್ಬರು ಪರದೆಗೆಂದು ಹೊಸ ಬಟ್ಟೆ ಕೊಟ್ಟರು. ಅದಕ್ಕೆ ಚೆನ್ನಾಗಿ ನೀರು ಹೊಡೆದರು, ಆಚೆ ಬದಿಗೂ ಚಿತ್ರ ಮೂಡಲಿ ಎಂದು. ಏಕೆಂದರೆ ಮುಂದೆ ಕೂರುವವರು ಗಂಡಸರು. ಹೆಂಗಸರಿಗೆ ಜಾಗ ಪರದೆಯ ಹಿಂದೆ.

ಚಿತ್ರ ಪರದೇಶದ್ದು, ಮತಕ್ಕಾಗಿ ಹೋರಾಡಿದ ಹೆಂಗಸರದು. ದೊಡ್ಡ ಟೊಪ್ಪಿಗೆ, ನೆಲ ಗುಡಿಸುವ ಲಂಗ. ಹಳೆಯ ಕಾಲದ ಫಿಲ್ಮಾದ್ದರಿಂದ ಎಲ್ಲರೂ ಕಾಲಿಗೆ ಕೆಂಡ ತಾಗಿದಂತೆ ಬಿರಬಿರ ನಡೆಯುತ್ತಿದ್ದರು. ಒಬ್ಬಳು ಗೋಡೆಯ ಮೇಲೆ ಸುಣ್ಣದಿಂದ ಬರೆದಳು. ಇಬ್ಬರು ಸರಪಳಿಯಿಂದ ತಮ್ಮನ್ನು ತಾವೇ ಕಬ್ಬಿಣದ ಬೇಲಿಗೆ ಬಿಗಿದುಕೊಂಡರು. ಪೊಲೀಸರು ಒಬ್ಬಳನ್ನು ಜೋಳದ ಚೀಲದ ಹಾಗೆ ಎತ್ತಿಕೊಂಡು ಹೋದರು; ಮುಂದಿನ ಸಾಲಿನ ಗಂಡಸರು ಬಿದ್ದುಬಿದ್ದು ನಕ್ಕರು. ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದ ಮೋಟಾರಿನವನ ಗಂಟಲು ಕೂಗಿ ಕೂಗಿ ಕೂತುಹೋಯಿತು. ಮೈಕು ಖಾಲಿ ಬಿದ್ದದ್ದು ಕಂಡರೆ ನಾನು ಸುಮ್ಮನಿರುವ ಪೈಕಿಯೇ? ಎದ್ದೆ. ಸರಪಳಿ ಬಿಗಿದುಕೊಂಡವರಲ್ಲಿ ಒಬ್ಬಳು ಈಗ ಜೈಲಿನಲ್ಲಿ ಉಪವಾಸ ಬಿದ್ದಿದ್ದಳು; ಅವಳನ್ನು ತೋರಿಸಿ “ಈ ವೀರಮಹಿಳೆ ಮಿಸೆಸ್ ಹೆನ್ರಿ ಕೋಲ್ಮನ್!” ಎಂದು ಗುಡುಗಿದೆ. ಕೊನೆಗೆ ಒಬ್ಬ ಮುದುಕಿ ಪೆಟ್ಟಿಗೆಯಲ್ಲಿ ಕಾಗದ ಹಾಕುತ್ತಾಳೆ, ಚಿತ್ರ ಮುಗಿಯುತ್ತದೆ.

ಮರುದಿನ ಮುಂಜಾನೆ ಕಾಕು ರೊಟ್ಟಿ ಬಡಿಯುತ್ತ ಕೇಳಿದಳು:

“ಏ ತಮ್ಮಾ, ಆ ದೇಶದಾಗ ಹೆಣ್ಣಮಕ್ಕಳೆಲ್ಲಾ ಎಡಗೈಯವರೇನೋ?”

“ಯಾಕ ಕಾಕು?”

“ಗ್ವಾಡಿ ಮ್ಯಾಲ ಬರದಾಕಿ ಎಡಗೈಲೆ ಬರದ್ಲು. ಆ ಮುದುಕೀನೂ ಎಡಗೈಲೇನ ಕಾಗದ ಹಾಕಿದ್ಲು. ಎಡಗೈಯವರು ಭಾಳ ಹಟಮಾರಿಗಳು, ಅದಕ್ಕ ಗೆದ್ದಾರ ಅಂತ ನಾವೆಲ್ಲಾ ಮಾತಾಡಿಕೊಂಡ್ವಿ.”

ನಾನು ತಟ್ಟೆ ಬದಿಗಿಟ್ಟು ನಕ್ಕೆ. “ಹುಚ್ಚಿ ಇದ್ದೀ ನೋಡು. ನೀವು ಪರದೇದ ಹಿಂದ ಕೂತಿದ್ರಿ, ಅದಕ್ಕ ಎಲ್ಲಾ ತಿರುವುಮುರುವು ಕಂಡದ.”

“ಹೌದಾ?” ಕಾಕು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಮತ್ತ ಹಿಂದ ಕೂಡಿಸಿದವರು ಯಾರಪಾ?”

ಚರ್ಚೆಯಲ್ಲಿ ಇಂಥ ಪ್ರಶ್ನೆ ಬಂದರೆ ವಿಷಯಾಂತರ ಮಾಡಬೇಕು ಎಂದು ಕಲಿತಿದ್ದೆ. ಆದರೆ ವಿಷಯವನ್ನು ಅವಳೇ ಬದಲಿಸಿದಳು.

“ಜೇಲಿನಾಗ ಊಟಾ ಬಿಟ್ಟಿದ್ಲಲಾ, ಅಕೀ ಹೆಸರೇನಂದಿ?”

“ಮಿಸೆಸ್ ಹೆನ್ರಿ ಕೋಲ್ಮನ್.”

“ಹಂಗಂದ್ರ?”

“ಹೆನ್ರಿ ಕೋಲ್ಮನ್ ಅನ್ನಾಂವನ ಹೆಂಡತಿ.”

ರೊಟ್ಟಿ ಬಡಿಯುವ ಕೈ ನಿಂತಿತು. “ಅದು ಗಂಡನ ಹೆಸರಾತು. ಅಕೀದೇನು?”

“ಗೊತ್ತಿಲ್ಲ ಕಾಕು. ಸಿನಿಮಾದಾಗ ಹೇಳಲಿಲ್ಲ.”

“ಸರಪಳಿ ಬಿಗಕೊಂಡಾಕಿ ಅಕಿ, ಉಪಾಸ ಬಿದ್ದಾಕಿ ಅಕಿ. ಹೆಸರು ಅವಂದು!” ಕಾಕು ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು. “ಪಾಪ. ಅಷ್ಟು ದೂರ ಇದ್ರೂ ನಮ್ಮಂಗ ಅದ ನೋಡು ಅಕೀ ಬಾಳೇವು.” ಆಮೇಲೆ ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದು ಕೇಳಿದಳು: “ನನ್ನ ಹೆಸರ ಬರದೀ ಇಲ್ಲೋ?”

“ಬರದೇನಿ ಕಾಕು.”

“ಹಂಗಾರ ನಾ ಹೋಗಾಕಿನಽ. ಎಲ್ಲಾರ ಮುಂದ ಗಟ್ಯಾಗಿ ಹೇಳಾಕಿ.”

ಯಾವ ಹೆಸರು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮತದಾನದ ದಿನ ಅವಳು ಕೆಂಪು ದಡಿಯ ಸೀರೆ ಉಟ್ಟು, ಸೆರಗು ಸರಿಮಾಡಿಕೊಂಡು ಸಾಲಿನಲ್ಲಿ ನಿಂತಳು. ನಾನು ಕಿಟಕಿಯ ಹೊರಗಿದ್ದೆ. ಮೇಜಿನ ಹಿಂದಿನ ಅಧಿಕಾರಿ ತಲೆಯೆತ್ತದೆ ಹೆಸರು ಕೇಳಿದರು.

“ಕೃಷ್ಣಾ,” ಎಂದಳು ಕಾಕು. ಹೊರಗಿನ ಸಾಲಿಗೂ ಕೇಳಿಸಿತು.

ಅಧಿಕಾರಿ ಯಾದಿಯ ಮೇಲೆ ಬೆರಳು ಓಡಿಸಿದರು. ಮತ್ತೊಮ್ಮೆ ಓಡಿಸಿದರು. “ಈ ಮನಿ ನಂಬರಿಗೆ ಕೃಷ್ಣಾಬಾಯಿ ಅಂತ ಇಲ್ರೀ ತಾಯಿ. ಸುಶೀಲಾಬಾಯಿ ಅಂತ ಅದ. ನೀವಾ ಏನ್ರಿ?”

ಒಂದು ‘ಹೌದು’ ಸಾಕಿತ್ತು. ನಾನು ಕಿಟಕಿಯ ಸರಳು ಹಿಡಿದು “ಹೂಂ ಅನ್ನು ಕಾಕು, ಹೂಂ ಅನ್ನು,” ಎಂದು ಪಿಸುಗುಟ್ಟಿದೆ. ಅವಳು ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ವಾದಿಸಬಹುದಿತ್ತು.

“ಅಲ್ರಿ. ನಾ ಕೃಷ್ಣಾ,” ಎಂದು ಹೇಳಿ ಹೊರಗೆ ಬಂದಳು.

ದಾರಿಯಲ್ಲಿ ತಿಳಿದದ್ದು ಇಷ್ಟು. ಅವಳು ತುಬಚಿಯವಳು, ಕೃಷ್ಣಾ ಹೊಳೆಯ ದಂಡೆಯ ಮೇಲೆ ಹುಟ್ಟಿದವಳು. ಹೊಳೆಯ ಹೆಸರನ್ನೇ ಇಟ್ಟಿದ್ದರು. ಮದುವೆಯಾಗಿ ಬಂದರೆ ಅತ್ತೆಯ, ಅಂದರೆ ನಮ್ಮ ಅಜ್ಜಿಯ, ಹೆಸರೂ ಕೃಷ್ಣಾಬಾಯಿ. ಸೊಸೆಯನ್ನು ಅತ್ತೆಯ ಹೆಸರು ಹಿಡಿದು ಕೂಗುವುದು ಹೇಗೆ? ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ‘ಸುಶೀಲಾ’ ಎಂದು ಬರೆಸಿದರು. ಬರೆದ ಮೇಲೆ ಆ ಅಕ್ಕಿಯನ್ನು ಅನ್ನ ಮಾಡಿದರು. ಅತ್ತೆ ತೀರಿಕೊಂಡ ಮೇಲೂ ಹಳೆಯ ಹೆಸರನ್ನು ಅವಳಿಗೆ ತಿರುಗಿ ಕೊಡಬೇಕೆಂದು ಯಾರಿಗೂ ತೋಚಲಿಲ್ಲ.

“ನೀ ಸಾವಿರ ಮಂದೀ ಮುಂದ ನಮ್ಮ ಸಲುವಾಗಿ ಮಾತಾಡ್ತೀ, ತಮ್ಮಾ,” ಎಂದಳು ಕಾಕು, ಬಾಗಿಲಲ್ಲಿ ಚಪ್ಪಲಿ ಬಿಡುತ್ತ. “ಅಡಿಗಿಮನೀತನಕಾ ಬಂದು ನನ್ನೊಂದ ಮಾತ ಕೇಳಬಾರದಿತ್ತೇನು?” ಆಮೇಲೆ ನನಗೆ ಮಜ್ಜಿಗೆ ಕೊಟ್ಟಳು. ನನಗಿಷ್ಟವೆಂದು ಇಂಗು ಹಾಕಿದ ಮಜ್ಜಿಗೆ. ಆ ಒಂದು ಲೋಟ ಇಳಿಸಲು ನಾನು ಪಟ್ಟಷ್ಟು ಪಾಡನ್ನು ಯಾವ ಎದುರಾಳಿಯೂ ನನಗೆ ಕೊಟ್ಟಿಲ್ಲ.

ಕಾಕಾ ಪತ್ರಿಕೆಯಿಂದ ಮುಖ ತೆಗೆದು “ಓಟು ಹಾಕಿ ಬಂದೀಯೇನು?” ಎಂದರು. ಅವಳು ನಡೆದದ್ದನ್ನು ಹೇಳಿದಳು. ಅವರು ಪತ್ರಿಕೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಖರೆ. ಕನ್ಯಾ ನೋಡಲಿಕ್ಕೆ ಬಂದಾಗ ನಿಮ್ಮಪ್ಪ ಕೃಷ್ಣೀ ಅಂತ ಕರದಿದ್ರು.”

“ನಿಮಗ ನೆನಪದ ಏನು?” ಎಂದಳು ಕಾಕು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಕೇಳಬಾರದ್ದನ್ನು ಕೇಳಿದವನಂತೆ ಎದ್ದು ಹೊರಗೆ ಹೋದೆ.

ಅಂದಿನಿಂದ ಇಂಥ ಚಿತ್ರಗಳನ್ನು ನಾನು ಸಂಶಯದಿಂದಲೇ ನೋಡುತ್ತೇನೆ. ಹೆಂಗಸರ ಮತದ ಹಕ್ಕನ್ನು ಸಿನಿಮಾದವರು ಎರಡು ಬಗೆಯಲ್ಲಿ ತೋರಿಸುತ್ತಾರೆ. ತಮಾಷೆಯ ಚಿತ್ರವಾದರೆ ಹೆಂಡತಿ ಸಭೆಗೆ ಹೋಗುತ್ತಾಳೆ, ಗಂಡ ಕೂಸಿನ ಬಾಯಿಗೆ ಹಾಲಿನ ಬದಲು ಮಸಿ ಹಾಕುತ್ತಾನೆ. ಗಂಭೀರ ಚಿತ್ರವಾದರೆ ಮೆರವಣಿಗೆ, ಜೈಲು, ಪೆಟ್ಟಿಗೆ. ನಮ್ಮ ವಾರ್ತಾಚಿತ್ರಗಳಲ್ಲಿ ಸೆರಗು ಹೊದ್ದವರ ಉದ್ದನೆಯ ಸಾಲು ಇರುತ್ತದೆ. ಒಬ್ಬಳು ಮೇಜಿನ ಹತ್ತಿರ ಬರುತ್ತಾಳೆ, ಅಧಿಕಾರಿ ಏನೋ ಕೇಳುತ್ತಾನೆ, ಅವಳು ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಬ್ಯಾಂಡು ಬಾರಿಸುತ್ತ ದೃಶ್ಯ ಬದಲಾಗುತ್ತದೆ. ಅವಳು ಹೇಳಿದ್ದೇನು ಎಂದು ಯಾವ ಚಿತ್ರದಲ್ಲೂ ನನಗೆ ಕೇಳಿಸಿಲ್ಲ. ಮಿಸೆಸ್ ಕೋಲ್ಮನ್‌ಳ ಸ್ವಂತ ಹೆಸರನ್ನು ದೊಡ್ಡ ಗ್ರಂಥಾಲಯದಲ್ಲೂ ಹುಡುಕಿದೆ. ಸಿಗಲಿಲ್ಲ.

ಹೋದ ವಾರ ಲೋಕಾಪುರದಲ್ಲಿ ಕೆಟ್ಟು ನಿಂತಿದ್ದ ಬಸ್ಸು ಕೊನೆಗೂ ಹೊರಟಿತು. ನಾನು ಮುಧೋಳದ ಕೆಲಸ ಮುಂದಕ್ಕೆ ಹಾಕಿ ರಬಕವಿಗೆ ಹೋದೆ. ಎರಡನೆಯ ಚುನಾವಣೆಗೆ ಹೊಸ ಯಾದಿ ತಯಾರಾಗುತ್ತಿದೆ. ಭಾನುವಾರ ಒಬ್ಬ ಸಾಲೆ ಮಾಸ್ತರರು ಕಾಗದ ಹಿಡಿದು ಕಟ್ಟೆಯ ಮೇಲೆ ಕೂತರು. ಬಾಗಿಲಲ್ಲಿ ನಾನಿದ್ದೆ, ಸಹಜವಾಗಿ ನನ್ನನ್ನೇ ಕೇಳಿದರು: “ಮನ್ಯಾಗ ಹೆಣ್ಣಮಕ್ಕಳ ಹೆಸರು?”

ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ಸರಿಯಾದದ್ದೇ ಬಂದಿತ್ತು. ಆದರೂ ನುಂಗಿಕೊಂಡೆ.

“ಕರೀತೇನ್ರಿ. ಅವರನ್ನ ಕೇಳ್ರಿ.”

ಕಾಕು ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಮೇಲೆ ನಿಂತಳು. “ಕೃಷ್ಣಾಬಾಯಿ,” ಎಂದಳು. “ಬರದ್ರಿ? ಓದ್ರಿ ನೋಡೋಣು.” ಮಾಸ್ತರರು ಓದಿದರು. “ಇನ್ನೊಮ್ಮೆ ಓದ್ರಿ.” ಇನ್ನೊಮ್ಮೆ ಓದಿದರು.

“ಗಂಡನ ಹೆಸರು?”

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಹಲ್ಲಿನ ನಡುವೆ ನಗು ತಡೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅದನ್ನ ನೀ ಹೇಳೋ ತಮ್ಮಾ.”

ಅದಷ್ಟನ್ನೇ ಹೇಳಿದೆ.