ಬಾಟಲಿಗಳ ಮೇಲಿನ ಭಂಡಾರ

ಜಮಖಂಡಿಯ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಗಾಜಿನ ಬಾಟಲಿಗಳೊಳಗೆ ಕಡಲೆ ಮೊಳಕೆಯ ತುಣುಕುಗಳಿಂದ ಸಸಿ ಬೆಳೆಸುತ್ತಿದ್ದೆ. ಒಳಗೆ ಒಂದು ಕಣ ಧೂಳು ಹೊಕ್ಕರೂ ಬೂಷ್ಟು ಹಿಡಿದು ಎಲ್ಲ ಹಾಳು.

ಒಮ್ಮೆ ಅವ್ವ ನಮ್ಮೂರು ಅನಗವಾಡಿಯಿಂದ ಬುತ್ತಿ ತಂದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಬೀರಪ್ಪನ ಗುಡಿಯ ಭಂಡಾರವನ್ನು, ಆ ಅರಿಶಿನಪುಡಿಯನ್ನು, ಅಷ್ಟೂ ಬಾಟಲಿಗಳ ಮೇಲೆ ಎರಚಿದ್ದಳು.

"ಕೂಸಿನಂಗ ಅದಾವು, ದೃಷ್ಟಿ ಆಗಬಾರದು."

ಸಿಟ್ಟು ನೆತ್ತಿಗೇರಿತು. "ಎಲ್ಲಾ ಕೆಡಿಸಿದಿ ಬೇ ಯವ್ವಾ!"

ವಾರವಿಡೀ ಹೆದರುತ್ತಲೇ ನೋಡಿದೆ. ಒಂದರಲ್ಲೂ ಬೂಷ್ಟಿಲ್ಲ, ಹಸಿರು ಚಿಗುರು ಎದ್ದಿತ್ತು. ಹೋದ ಜೀವ ಬಂದಂತಾಯಿತು.

"ನೋಡಿದೇನ ನಮ್ಮ ಬೀರಪ್ಪನ್ನ?" ಎಂದಳು ಮತ್ತೆ ಬುತ್ತಿ ತಂದ ಅವ್ವ.

"ಮುಚ್ಚಳ ಬಿಗಿ ಇದ್ದೂವು, ಅದಕ್ಕ ಉಳದಾವು" ಎಂದು ವಾದಿಸಿದೆ.

ಮುಂದಿನ ಸಲ ಹೊಸ ಬಾಟಲಿ ಜೋಡಿಸಿದ ಮೇಲೆ, ಪ್ರಯೋಗಾಲಯದ ಹೊರಬಾಗಿಲಿಗೆ ಚಿಟಿಕೆ ಭಂಡಾರ ಹಚ್ಚಿದವಳು ನಾನೇ.